ತಲೆ ಸುತ್ತೋದು ಪುಕ್ಕಲುತನ ಅಲ್ಲ ಕನ

"ನಾಕು ದಿನ ಸಂಕಟ ಆಯ್ತದೆ, ಸಹಿಸ್ಕೊಂಡು ಆಡು, ಐದನೇ ದಿನಕ್ಕೆ ಅದೇ ಸರಿಹೋಯ್ತದೆ." ವಿಆರ್ ಕನ್ನಡಕ ಹಾಕ್ಕೊಂಡು ಆಟ ಆಡೋ ಹುಡುಗ್ರು ಹೊಸಬರಿಗೆ ಹೇಳೋ ಬುದ್ಧಿಮಾತು ಇದು. ನಮ್ಮನೆ ಹಜಾರದಲ್ಲೇ ಈ ಮಾತ ಹತ್ತು ಸಲ ಕೇಳಿವ್ನಿ. ನಾನು ಒಪ್ಪಕಿಲ್ಲ. ಅಭ್ಯಾಸ ಆಯ್ತದೆ ಅನ್ನೋದು ನಿಜ. ಸಹಿಸ್ಕೊಂಡ್ರೆ ಅಭ್ಯಾಸ ಆಯ್ತದೆ ಅನ್ನೋದು ಸುಳ್ಳು. ಈ ಎರಡು ಮಾತಿನ ನಡುವೆ ಇರೋ ವ್ಯತ್ಯಾಸದಲ್ಲೇ ನಮ್ಮನೆ ಹುಡುಗಿಯ ಕೆಲ್ಸ ಹೋಗೋ ಹಂಗಿತ್ತು, ಅದ್ಕೇ ಇಷ್ಟು ಉದ್ದಕ್ಕೆ ಬರೀತಾ ಇವ್ನಿ.

ಹೆಡತಲೇಲಿ ಮುದ್ದೆ ತೊಳಸೋ ಹೆಂಗ್ಸು ವಿಆರ್ ಬಗ್ಗೆ ಏನ್ ಬರ್ದಾಳು ಅಂದ್ಕೋಬೇಡಿ. ಕಂಪ್ಯೂಟ್ರು ನಂಗೆ ಅಷ್ಟಕ್ಕಷ್ಟೆ. ವಾಂತಿ ವಿಷ್ಯದಲ್ಲಿ ಮಾತ್ರ ನಮ್ಮಂಥ ಹೆಂಗಸರಷ್ಟು ಅನುಭವ ಯಾವ ಎಂಜಿನಿಯರ್‌ಗೂ ಇಲ್ಲ. ಮಾದಪ್ಪನ ಬೆಟ್ಟದ ಬಸ್ಸು ತಾಳಬೆಟ್ಟ ದಾಟಿ ತಿರುವು ಹತ್ತೋಕೆ ಶುರು ಮಾಡಿದ್ರೆ ಒಂದು ಕೈಲಿ ಕವರು, ಒಂದು ಕೈಲಿ ನಿಂಬೆಹಣ್ಣು, ತೊಡೆ ಮೇಲೆ ಮಗ, ಹಿಂದ್ಲ ಸೀಟಲ್ಲಿ ಅತ್ತೆ. ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸ್ಕೊಂಡು ಕುಂತ್ರೆ ವಾಂತಿ ಬರಕಿಲ್ಲ ಅಂತ ಅದನ್ನೂ ಮಾಡಿ ನೋಡಿದ್ದಾಯ್ತು. ಪೇಪರು ಬೇರೆ ಕೆಲ್ಸಕ್ಕೆ ಬಂತು.

ವಿಆರ್ ಅಂದ್ರೆ ಗೊತ್ತಿಲ್ಲದೋರಿಗೆ ಒಂದು ಮಾತು. ಮುಖಕ್ಕೆ ಕಟ್ಕೊಳ್ಳೋ ಒಂದು ಡಬ್ಬ. ಒಳಗೆ ಕಣ್ಣಿಗೆ ಒಂದೊಂದು ಮಸೂರ, ಅದರ ಹಿಂದೆ ಪರದೆ. ತಲೆ ಎತ್ತ ತಿರುಗಿಸಿದ್ರೆ ಅತ್ತಲ ನೋಟ ಕಾಣ್ತದೆ, ಹಂಗಾಗಿ ಬೇರೆ ಲೋಕದ ಒಳಗೆ ನಿಂತಂಗೇ ಆಯ್ತದೆ. ಬೆಂಗಳೂರಲ್ಲಿರೋ ನಮ್ಮ ಮೈದುನನ ಮಗ ಹೊಸದು ತಕ್ಕೊಂಡ, ತನ್ನ ಹಳೇ ಕ್ವೆಸ್ಟ್ 2 ಡಬ್ಬನ ಹಬ್ಬಕ್ಕೆ ಬಂದಾಗ ನಮ್ಮ ಹುಡುಗ್ರಿಗೆ ಕೊಟ್ಟು ಹೋದ. ಅವತ್ತು ಬೀದಿ ಮಕ್ಕಳೆಲ್ಲ ಜಗಲಿ ಮೇಲೆ. ಹೊಸದಾಗಿ ಬಂದೋರಿಗೆಲ್ಲ ಮೊದ್ಲು ಹಾಕಿ ಕೊಡೋದು ರೋಲರ್ ಕೋಸ್ಟರ್. ಕಿರಿಚ್ಕೊಂಡು ಗೋಡೆ ಹಿಡಿದ್ರೆ ನಗಾಡೋದು. ಹಿತ್ತಲಿಗೆ ಓಡಿದ್ರೆ ಇನ್ನೂ ನಗಾಡೋದು. ಈಜು ಬರದೋನ್ನ ಮೊದಲ ದಿನವೇ ಕಪಿಲೆ ಮಡುವಿಗೆ ತಳ್ಳಿದಂಗೆ.

ಮಗಳ ವಿಷ್ಯಕ್ಕೆ ಬತ್ತೀನಿ. ಡಿಪ್ಲೊಮಾ ಮುಗಿಸಿ ನಂಜನಗೂಡು ಕಡೆಯ ಒಂದು ಕಾರ್ಖಾನೇಲಿ ಸೇರ್ಕೊಂಡಳು. ಯಾವುದು ಅಂತ ಬೇಡ. ಅಲ್ಲಿ ಸುರಕ್ಷತೆ ಪಾಠನ ಈಗ ವಿಆರ್‌ನಲ್ಲೇ ಮಾಡ್ತಾರಂತೆ: ಬೆಂಕಿ ಬಿದ್ರೆ ಯಾವ ಬಾಗಿಲಲ್ಲಿ ಹೋಗ್ಬೇಕು, ಎತ್ತರದ ಏಣಿ ಹೆಂಗೆ ಹತ್ಬೇಕು, ಹಿಂಗೆ. ಎರಡನೇ ದಿನ ಹತ್ತು ನಿಮಿಷಕ್ಕೇ ಇವಳಿಗೆ ಹಣೆ ತಣ್ಣಗಾಗಿ ಬೆವರು, ಬಾಯ್ತುಂಬ ನೀರು. ಡಬ್ಬ ಬಿಚ್ಚಿ ನೆಲದ ಮೇಲೆ ಕುಂತುಬುಟ್ಲು. ಕಲಿಸೋನು ಬಂದು, "ಹುಡುಗೀರಿಗೆ ಇದು ಆಗಲ್ಲ, ಗಟ್ಟಿ ಮನಸ್ಸು ಬೇಕು. ಮುಂದಿನ ಬ್ಯಾಚಿಗೆ ನೋಡಾಣ" ಅಂದ್ನಂತೆ. ಅವಳ್ನ ರಿಜಿಸ್ಟ್ರು ಬರೆಯೋ ಟೇಬಲ್ಲಿಗೆ ಕೂರಿಸಿದ್ರು. ಆ ಪಾಠ ಮುಗೀದೆ ಮಿಷಿನ್ ಮುಟ್ಟಂಗಿಲ್ಲ, ಮಿಷಿನ್ ಮುಟ್ದೆ ಕಾಯಂ ಇಲ್ಲ. ಅವತ್ತು ಮನೆಗೆ ಬಂದೋಳು ಚೀಲ ಕೂಡ ಇಳಿಸ್ದೆ ಕುಂತಿದ್ಲು.

ಆ 'ಗಟ್ಟಿ ಮನಸ್ಸು' ಅನ್ನೋ ಮಾತು ನಂಗೆ ಗಂಟ್ಲಲ್ಲಿ ಸಿಕ್ಕಿದ ಮೀನು ಮುಳ್ಳು ಥರ ಆಯ್ತು. ತಲೆ ಸುತ್ತೋಕೂ ಮನಸ್ಸಿಗೂ ಏನು ಸಂಬಂಧ? ಇದು ಕಿವಿ ವಿಷ್ಯ.

ಕಿವಿಯೊಳಗೆ, ಕೇಳಿಸ್ಕೊಳ್ಳೋ ಭಾಗದ ಪಕ್ಕದಲ್ಲೇ, ಬಳೆ ಅರ್ಧ ಮಾಡಿದಂಗೆ ಮೂರು ಸಣ್ಣ ಕೊಳವೆ ಅವೆ. ಅದರೊಳಗೆ ನೀರಿನಂಥ ದ್ರವ. ಸೊಂಟದ ಮೇಲೆ ಕೊಡ ಮಡಿಕ್ಕೊಂಡು ಗಕ್ಕನೆ ತಿರುಗಿದ್ರೆ ಕೊಡ ತಿರುಗ್ತದೆ, ಒಳಗಿನ ನೀರು ವಸಿ ಹಿಂದೆ ಉಳೀತದೆ ಅಲ್ವ? ಅದೇ ಲೆಕ್ಕ. ನೀರು ಹಿಂದೆ ಉಳಿದಿದ್ದನ್ನ ಒಳಗಿರೋ ಸೂಕ್ಷ್ಮ ಕೂದಲು ಹಿಡ್ದು ಮಿದುಳಿಗೆ ಹೇಳ್ತವೆ, 'ತಲೆ ಎಡಕ್ಕೆ ತಿರುಗ್ತು' ಅಂತ. ಮೂರು ಕೊಳವೆ ಮೂರು ದಿಕ್ಕಿನ ತಿರುಗಾಟಕ್ಕೆ. ಅದರ ಪಕ್ಕ ಇನ್ನೆರಡು ಚೀಲ ಅವೆ, ಅದರಲ್ಲಿ ಸುಣ್ಣದ ಹರಳಿನಂಥ ಪುಡಿ. ಮುಂದಕ್ಕೆ ಹೋದೆ, ಮೇಲಕ್ಕೆ ಎದ್ದೆ, ಭೂಮಿ ಯಾವ ಕಡೆ ಅದೆ, ಅನ್ನೋದೆಲ್ಲ ಆ ಹರಳಿನ ಭಾರದಿಂದ ಗೊತ್ತಾಯ್ತದೆ.

ಬಸ್ಸಲ್ಲಿ ಕುಂತು ಮೊಬೈಲ್ ನೋಡಿದ್ರೆ ಕಿವಿ 'ಹೋಯ್ತಾ ಇವ್ನಿ' ಅಂತದೆ, ಕಣ್ಣು 'ಇಲ್ಲ, ಕುಂತಿವ್ನಿ' ಅಂತದೆ. ವಿಆರ್ ಆಟದಲ್ಲಿ ಇದು ತಿರುಗಾಮುರುಗಾ. ಕಣ್ಣು ಓಡ್ತಾ ಇರ್ತದೆ, ಕಿವಿ ಹಜಾರದಲ್ಲಿ ನಿಂತಿರ್ತದೆ. ಒಂದೇ ಮನೇಲಿ ಅತ್ತೆ ಒಂದು ಹೇಳಿ ಸೊಸೆ ಇನ್ನೊಂದು ಹೇಳಿದ್ರೆ ನಡುವೆ ಸಿಕ್ಕೊಂಡ ಗಂಡಸಿನ ಗತಿ ಏನಾಯ್ತದೋ, ಮಿದುಳಿನ ಗತಿಯೂ ಅದೇ. ಈ ಕಣ್ಣು-ಕಿವಿ ಜಗಳದ ಲೆಕ್ಕಾಚಾರನ ರೀಸನ್, ಬ್ರ್ಯಾಂಡ್ ಅನ್ನೋ ಇಬ್ಬರು 1975ರಲ್ಲೇ ಪುಸ್ತಕ ಮಾಡಿ ಬರ್ದವ್ರೆ. ಜಗಳ ಆದ್ರೆ ವಾಂತಿ ಯಾಕೆ ಅನ್ನೋಕೆ 1977ರಲ್ಲಿ ಟ್ರೈಸ್ಮನ್ ಅನ್ನೋರು ಒಂದು ಉತ್ತರ ಕೊಟ್ರು: ಉಮ್ಮತ್ತಿಯಂಥ ವಿಷದ ಕಾಯಿ ತಿಂದಾಗ ಕಣ್ಣಿಗೂ ಮೈಗೂ ತಾಳ ತಪ್ತದೆ, ಹಂಗಾಗಿ ತಾಳ ತಪ್ಪಿದ ಕೂಡ್ಲೆ ಮೈಯಿ 'ಏನೋ ವಿಷ ತಿಂದಿವ್ನಿ' ಅಂದ್ಕೊಂಡು ಹೊಟ್ಟೇಲಿರೋದ್ನ ಹೊರಗೆ ಹಾಕ್ತದೆ ಅಂತ. ಇದ್ನ ಎಲ್ಲ ಪಂಡಿತ್ರೂ ಒಪ್ಪಿಲ್ಲ. ನಂಗೆ ಮಾತ್ರ ಬಲೇ ಹಿಡಿಸ್ತು. ಮೈಯಿ ನಮ್ಮನ್ನ ಕಾಪಾಡೋಕೆ ಹೊರಟದೆ, ನಾವು ಅದನ್ನ ಪುಕ್ಕಲು ಅಂತೀವಿ.

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕು ಅಂದ್ರೆ ಅಮೆರಿಕದ ಕಥೆ ಕೇಳಿ. 1950ರ ದಶಕದ ಕೊನೇಲಿ, ಮನುಷ್ಯರನ್ನ ಆಕಾಶಕ್ಕೆ ಕಳ್ಸೋ ತಯಾರಿ ನಡೀವಾಗ, ನೌಕಾಪಡೆ ವೈದ್ಯರು ಗ್ಯಾಲಡೆಟ್ ಅನ್ನೋ ಕಿವುಡರ ಕಾಲೇಜಿಂದ ಹನ್ನೊಂದು ಜನರನ್ನ ಪರೀಕ್ಷೆಗೆ ಕರ್ಕೊಂಡ್ರು. ಹತ್ತು ಜನಕ್ಕೆ ಚಿಕ್ಕಂದಲ್ಲಿ ಮಿದುಳು ಜ್ವರ ಬಂದು ಕಿವಿಯ ಜತೆಗೆ ಒಳಗಿನ ಆ ಕೊಳವೆಗಳೂ ಕೆಟ್ಟಿದ್ವು. ಗಿರಗಿರ ತಿರುಗೋ ಕೋಣೇಲಿ ದಿನಗಟ್ಲೆ ಇಟ್ರು, ಏನೂ ಆಗ್ಲಿಲ್ಲ. ಬಿರುಗಾಳಿ ಎದ್ದ ಸಮುದ್ರದಲ್ಲಿ ಹಡಗಿನ ಮೇಲೆ ಕರ್ಕೊಂಡೋದ್ರು. ಅವರು ಇಸ್ಪೀಟ್ ಆಡ್ಕೊಂಡು ಕುಂತಿದ್ರು, ಪರೀಕ್ಷೆ ಮಾಡೋಕೆ ಬಂದಿದ್ದ ವೈದ್ಯರೇ ವಾಂತಿ ಮಾಡ್ಕೊಂಡು ಮಲಗುಬುಟ್ರು. ಒಳಗಿವಿ ಸತ್ತೋರಿಗೆ ತಲೆ ಸುತ್ತಕಿಲ್ಲ. ಅಂದ್ಮೇಲೆ ನಮ್ಮ ಹುಡುಗಿಗೆ ಸುತ್ತುತ್ತೆ ಅಂದ್ರೆ ಅವಳ ಕಿವಿ ಚಂದಾಗಿ ಕೆಲ್ಸ ಮಾಡ್ತದೆ ಅಂತ ತಾನೆ?

ಮನಸ್ಸು ಗಟ್ಟಿ ಇರೋರಿಗೆ ಬರಕಿಲ್ಲ ಅನ್ನೋದಾದ್ರೆ, ಆಕಾಶಕ್ಕೆ ಹೋಗೋರಿಗಿಂತ ಗಟ್ಟಿ ಯಾರವ್ರೆ? ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮೊದಲ ಒಂದೆರಡು ದಿನ ಹೊಟ್ಟೆ ತೊಳಸ್ತದೆ. ಯುದ್ಧವಿಮಾನ ಓಡಿಸ್ತಿದ್ದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಹೋದಾಗ, ಮೇಲೆ ಸೇರಿದ ಮೊದಲ ಹೊತ್ತಲ್ಲಿ ಮೈಗೆ ಅಷ್ಟು ಸರಿಯಿರಲಿಲ್ಲ ಅಂತ ಅಲ್ಲಿಂದ್ಲೇ ನಗ್ತಾ ಹೇಳಿದ್ರು. ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಅಂತಲೇ ಅದೆ. ಹಾರೋದು ಕಲಿಯೋ ಹುಡುಗ್ರಿಗೆ ಗಾಳೀಲಿ ವಾಂತಿ ಬಂದ್ರೆ ನೋಡೋ ಜಾಗ ಅದು. ವಾಯುಪಡೆಗಳಲ್ಲಿ ಅಂಥೋರಿಗೆ 'ಮನಸ್ಸು ಗಟ್ಟಿ ಮಾಡ್ಕೊ' ಅಂತ ಬೆನ್ನು ಚಪ್ಪರಿಸಿ ಕಳ್ಸಕಿಲ್ಲ. ತಿರುಗೋ ಕುರ್ಚೀಲಿ ನಿಧಾನಕ್ಕೆ ತಿರುಗಿಸಿ, ಸಂಕಟ ಶುರುವಾಗ್ತಿದ್ದಂಗೆ ನಿಲ್ಸಿ, ನಾಳೆ ಒಂದು ಚೂರು ಜಾಸ್ತಿ, ನಾಡಿದ್ದು ಇನ್ನೊಂದು ಚೂರು ಜಾಸ್ತಿ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ತಯಾರು ಮಾಡೋ ಪೈಲಟ್‌ಗೇ ಅಷ್ಟು ತಾಳ್ಮೆ ಇಟ್ಕೊಂಡು ಕಲಿಸೋವಾಗ, ನಮ್ಮ ಹುಡುಗಿಗೆ ಹತ್ತು ನಿಮಿಷಕ್ಕೇ ತೀರ್ಪು ಯಾಕೆ?

ಈಗ ಹೆಂಗಸರ ವಿಷ್ಯ. ವಿಆರ್‌ನಲ್ಲಿ ಹೆಂಗಸರಿಗೆ ಜಾಸ್ತಿ ತಲೆ ಸುತ್ತುತ್ತೆ ಅಂತ ಬಾಳ ವರ್ಷದಿಂದ ಹೇಳ್ಕೊಂಡು ಬಂದವ್ರೆ. ಹಾರ್ಮೋನು ಅಂದ್ರು, ನಾಜೂಕು ಅಂದ್ರು. 2020ರಲ್ಲಿ ಕೇ ಸ್ಟ್ಯಾನಿ ಅನ್ನೋರು ಮತ್ತವರ ಜತೆಯೋರು ಸರಿಯಾಗಿ ಅಳ್ದು ನೋಡಿದ್ರು. ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅದೆಯಲ್ಲ, ಅದಕ್ಕೆ ಡಬ್ಬದ ಮಸೂರ ಸರಿಯಾಗಿ ಹೊಂದದೆ ಇರೋದೇ ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಅಂತ ಗೊತ್ತಾಯ್ತು. ಹೆಂಗಸರ ಪಾಪೆ ದೂರ ಸರಾಸರಿ ಗಂಡಸರಿಗಿಂತ ಎರಡು ಮಿಲಿಮೀಟರ್ ಆಸುಪಾಸು ಕಮ್ಮಿ. ಡಬ್ಬ ಮಾಡಿದ್ದು ಗಂಡಸಿನ ಮುಖಕ್ಕೆ. ಸೋದರಮಾವನ ಕನ್ನಡಕ ಹಾಕ್ಕೊಂಡು ದಿನವೆಲ್ಲ ತಿರುಗಿ ನೋಡಿ, ಯಾರ ಮನಸ್ಸು ಎಷ್ಟು ಗಟ್ಟಿ ಅಂತ ಗೊತ್ತಾಯ್ತದೆ.

ನಮ್ಮೂರ ಲಕ್ಷ್ಮೀಕಾಂತ ದೇವಸ್ಥಾನ ನೋಡೋಕೆ ಬರೋರಿಗೆ ಹದಿನಾರು ಮುಖದ ಚಾವಡಿ ಕಥೆ ಹೇಳೋದು ವಾಡಿಕೆ. ಹಿಂದೆ ಊರಾಳ್ತಿದ್ದ ಪಾಳೇಗಾರನಿಗೆ ಹದಿನಾರು ಜನ ಅಳಿಯಂದ್ರು, ಯಾರೂ ಯಾರ್ಗಿಂತ ಕೆಳಗೆ ಕುಂತಂಗೆ ಕಾಣ್ಬಾರ್ದು ಅಂತ ಹದಿನಾರು ಮುಖ ಮಾಡಿಸ್ದ ಅಂತಾರೆ. ಕಥೆ ನಿಜವೋ ಸುಳ್ಳೋ, ಕುಂತ್ಕೊಳ್ಳೋರ್ನ ನೋಡಿ ಜಾಗ ಮಾಡ್ಬೇಕು ಅನ್ನೋ ಬುದ್ಧಿ ಆ ಕಲ್ಲು ಕೆಲ್ಸದೋರಿಗೆ ಇತ್ತು. ಅಮೆರಿಕದ ಡಬ್ಬದೋರಿಗೆ ಅದು ಬರೋಕೆ ವಸಿ ತಡ ಆಗದೆ.

ನಮ್ಮನೆ ಕ್ವೆಸ್ಟ್ 2ನಲ್ಲಿ ಮಸೂರನ ಕೈಯಲ್ಲೇ ಸರಿಸ್ಬೋದು, ಮೂರೇ ಜಾಗ: 58, 63, 68 ಮಿಲಿಮೀಟರ್. ಮೈದುನನ ಮಗ ದೊಡ್ಡ ಮುಖದೋನು, ಅವನು 68ಕ್ಕೆ ಮಡಗಿದ್ದ, ಅದು ಅಲ್ಲೇ ಇತ್ತು. ಕನ್ನಡಕದ ಅಂಗಡೀಲಿ ಚೀಟಿ ಮೇಲೆ 'ಪಿಡಿ' ಅಂತ ಒಂದು ಲೆಕ್ಕ ಬರೀತಾರೆ ನೋಡಿ, ಅದೇ ಪಾಪೆ ದೂರ. ಮಗಳ ಹಳೇ ಚೀಟಿ ಹುಡುಕಿ ತೆಗ್ದೆ: 58. ಹತ್ತು ಮಿಲಿಮೀಟರ್ ವ್ಯತ್ಯಾಸ! ಕಾರ್ಖಾನೇಲಿ ಹೆಂಗಿತ್ತೋ ಯಾರು ಕಂಡವ್ರೆ, ಒಂದೇ ಡಬ್ಬನ ಇಪ್ಪತ್ತು ಜನಕ್ಕೆ ಒಬ್ಬರಾದ್ಮೇಲೆ ಒಬ್ಬರಿಗೆ ಹಾಕ್ತಿದ್ರಂತೆ, ಯಾರೂ ಏನೂ ಸರಿಸ್ತಿರಲಿಲ್ಲವಂತೆ.

ಪಟ್ಟಿ ಕಟ್ಟೋದೂ ಒಂದು ಕೆಲ್ಸ. ತುಂಬ ಜನ ಅದ್ನ ನೆತ್ತಿ ಮೇಲಕ್ಕೆ ಎಳ್ಕೊಂಡು ಕಟ್ತಾರೆ, ಆಗ ಡಬ್ಬ ಮೂಗಿನ ಮೇಲೆ ಜಾರಿ ನೋಟ ಮಸುಕಾಯ್ತದೆ. ಪಟ್ಟಿ ಇರ್ಬೇಕಾದ್ದು ಹೆಡತಲೇಲಿ, ಅಂದ್ರೆ ಬುರುಡೆಯ ಹಿಂದಲ ಉಬ್ಬಿನ ಕೆಳಗೆ. ಈ ಮಾತ ಹೇಳೋಕೆ ನಮ್ಮೂರಿನೋರಿಗಿಂತ ಯೋಗ್ಯರು ಯಾರೂ ಇಲ್ಲ.

ಆಮೇಲೆ ನಾವು ಮಾಡಿದ್ದು ಮೂರು ವಾರದ ಪಥ್ಯ. ಸಂಜೆ ಆರಕ್ಕೆ, ವಸಿ ಇಡ್ಲಿಯೋ ಅವಲಕ್ಕಿಯೋ ತಿಂದು. ಖಾಲಿ ಹೊಟ್ಟೇಲೂ ಬೇಡ, ಮುದ್ದೆ ಉಂಡ ಮೇಲಂತೂ ಬೇಡವೇ ಬೇಡ. ಮುಖಕ್ಕೆ ಫ್ಯಾನಿನ ಗಾಳಿ. ಬರಿಗಾಲಲ್ಲಿ ಗೋಣಿತಾಟಿನ ಮೇಲೆ ನಿಲ್ಲೋದು, ಯಾಕಂದ್ರೆ ಕಾಲಿಗೆ ತಾಟು ಸಿಗ್ತಿದ್ರೆ ಎಲ್ಲಿ ನಿಂತಿವ್ನಿ ಅಂತ ಮೈಗೆ ಗೊತ್ತಿರ್ತದೆ. ಮೊದಲ ವಾರ ಐದೇ ನಿಮಿಷ, ಅದೂ ನಿಂತ ಜಾಗದಿಂದ ಅಲುಗದ ಆಟ. ಬೀಟ್ ಸೇಬರ್ ಅಂತ ಅದೆ, ಎದುರಿಂದ ಚೌಕದ ಡಬ್ಬಿಗಳು ಹಾಡಿನ ತಾಳಕ್ಕೆ ಬತ್ತವೆ, ನಾವು ನಿಂತ್ಕೊಂಡು ಕತ್ತಿ ಬೀಸೋದು. ಇದರಲ್ಲಿ ಕಣ್ಣಿಗೂ ಕಿವಿಗೂ ಜಗಳ ಇಲ್ಲ. ನಾವು ಬಗ್ಗಿದ್ರೆ ಆಟದಲ್ಲೂ ಬಗ್ತೀವಿ, ಅಷ್ಟೆ. ಮಗಳು ಆಡೋದ ನೋಡಿದ್ರೆ ಕಬ್ಬು ಕಡಿದಂಗೇ ಇರ್ತಿತ್ತು.

ಎರಡನೇ ವಾರ ನಡೆಯೋ ಆಟ. ಇಲ್ಲಿ ಸೆಟ್ಟಿಂಗ್‌ನಲ್ಲಿ ಮೂರು ವಿಷ್ಯ ನೋಡ್ಕೋಬೇಕು, ಹುಡುಗ್ರು ಇದ್ನ 'ಎಳೇಮಕ್ಕಳ ಸೆಟ್ಟಿಂಗು' ಅಂತ ಹಂಗಿಸ್ತಾರೆ, ಹಂಗಿಸ್ಲಿ ಬುಡಿ. ಟೆಲಿಪೋರ್ಟ್ ಅಂದ್ರೆ ಜಾರ್ಕೊಂಡು ಹೋಗೋ ಬದಲು ಬೆರಳು ತೋರ್ಸಿದ ಜಾಗಕ್ಕೆ ಗಕ್ಕನೆ ಹೋಗಿ ನಿಲ್ಲೋದು. ನಡುವಿನ ಓಟವೇ ಕಾಣದೆ ಇದ್ಮೇಲೆ ಕಣ್ಣು ಸುಳ್ಳು ಹೇಳೋಕೆ ಹೊತ್ತೇ ಸಿಗಕಿಲ್ಲ. ಸ್ನ್ಯಾಪ್ ಟರ್ನ್ ಅಂದ್ರೆ ತಿರುಗುವಾಗ ಗಿರ್ರನೆ ತಿರುಗದೆ ತುಂಡು ತುಂಡಾಗಿ ತಿರುಗೋದು. ಮೂರನೇದು ವಿನೆಟ್. ಓಡುವಾಗ ನೋಟದ ಅಂಚೆಲ್ಲ ಕಪ್ಪಾಗಿ ನಡುವೆ ಮಾತ್ರ ಕಾಣ್ತದೆ. ಮೈಸೂರಲ್ಲಿ ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ತಾರಲ್ಲ, ಅದೇ. ಓಡ್ತಾ ಇವ್ನಿ ಅನ್ನೋ ಭ್ರಮೆ ಜಾಸ್ತಿ ಬರೋದು ಕಣ್ಣಂಚಿನ ನೋಟದಿಂದ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದೋರು ಈ ಅಂಚನ್ನ ಗೊತ್ತಾಗದಂಗೆ ಮುಚ್ಚಿ ತೆಗ್ದು ಮಾಡಿ, ಜನಕ್ಕೆ ಸಂಕಟ ಕಮ್ಮಿ ಆಯ್ತದೆ ಅಂತ ತೋರಿಸಿದ್ರು. ಅದಕ್ಕೂ ಒಂದು ವರ್ಷ ಮುಂಚೆ ಪರ್ಡ್ಯೂ ವಿಶ್ವವಿದ್ಯಾಲಯದೋರು ಇನ್ನೂ ತಮಾಷೆ ಕೆಲ್ಸ ಮಾಡಿದ್ರು: ಪರದೆ ಮೇಲೆ ನಡುವೆ ಒಂದು ಮೂಗು ಬರೆದ್ರು! ನಮ್ಮ ಮೂಗು ಯಾವಾಗ್ಲೂ ಕಣ್ಣಿಗೆ ಬೀಳ್ತಾನೇ ಇರ್ತದೆ, ನಾವು ಗಮನಿಸಕಿಲ್ಲ. ಡಬ್ಬದ ಲೋಕದಲ್ಲಿ ಅದು ಇರಕಿಲ್ಲ. ಮೂಗು ಕೊಟ್ಟ ಮೇಲೆ ಮನೆ ಸುತ್ತಿ ನೋಡೋ ಆಟನ ಜನ ಒಂದೂವರೆ ನಿಮಿಷ ಜಾಸ್ತಿ ತಡ್ಕೊಂಡ್ರು, ಅಲ್ಲೊಂದು ಮೂಗು ಇತ್ತು ಅಂತ ಅವರಿಗೆ ಗೊತ್ತೂ ಆಗಿರಲಿಲ್ಲ. ಮೂಗಿಗೆ ಇಷ್ಟು ಬೆಲೆ ಅದೆ ಅಂತ ನಂಗೂ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ: ಮೊದಲ ಗುರುತಿಗೇ ಡಬ್ಬ ತೆಗೀಬೇಕು. ವಾಂತಿ ಅನ್ನೋದು ಕೊನೇ ಗುರುತು. ಅದಕ್ಕೆ ಮುಂಚೆ ಆಕಳಿಕೆ ಬತ್ತದೆ, ಬಾಯಲ್ಲಿ ನೀರು ಊರ್ತದೆ, ಹಣೆ ತಣ್ಣಗಾಯ್ತದೆ, ಮೈಯೆಲ್ಲ ಒಂಥರಾ ಬಿಸಿ ಆಯ್ತದೆ. ಆ ಹೊತ್ತಿಗೇ ನಿಲ್ಲಿಸಿ, ಜಗಲಿಗೆ ಬಂದು ದೂರದ ತೆಂಗಿನ ಮರ ನೋಡ್ಕೊಂಡು ಕುಂತ್ಕೊಂಡ್ರೆ ಹತ್ತು ನಿಮಿಷಕ್ಕೆ ಇಳೀತದೆ. ತಡೆದು ತಡೆದು ಆಡಿದ್ರೆ ರಾತ್ರಿವರ್ಗೂ ಬುಡಕಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದದೆ. ಮೈಯಿ ಮರೆಯಕಿಲ್ಲ. ಒಂದು ಸಲ ಬಸ್ಸಲ್ಲಿ ಜೋರಾಗಿ ವಾಂತಿ ಮಾಡ್ಕೊಂಡೋರಿಗೆ ಆಮೇಲೆ ಬಸ್ಸು ಹತ್ತೋದೇ ಬೇಡ, ಡೀಸೆಲ್ ವಾಸನೆ ಬಂದ್ರೆ ಸಾಕು, ಹೊಟ್ಟೆ ತೊಳಸ್ತದೆ. ವಿಆರ್‌ನಲ್ಲೂ ಅಷ್ಟೆ. ನಮ್ಮ ಪಕ್ಕದ ಬೀದಿ ಹುಡುಗ ಒಬ್ಬ ಬಾಜಿ ಕಟ್ಟಿ ರೋಲರ್ ಕೋಸ್ಟರ್ ಮೂರು ಸಲ ನೋಡ್ದ, ಈಗ ಆ ಡಬ್ಬದ ಸ್ಪಂಜಿನ ವಾಸನೆಗೇ ಮುಖ ತಿರುಗಿಸ್ತಾನೆ. ಸಹಿಸ್ಕೊಂಡು ಅವನು ಕಲ್ತಿದ್ದು ಅದೇ, ಸಂಕಟನ.

ಹುಡುಗ್ರು ಇದಕ್ಕೆ ಒಂದು ಎದುರುಮಾತು ಹೇಳ್ತಾರೆ: "ದೊಡ್ಡಮ್ಮ, ನಂಗೂ ಮೊದ್ಲು ಹಂಗೇ ಆಯ್ತಿತ್ತು, ಆಡ್ತಾ ಆಡ್ತಾ ಹೋಯ್ತು." ಹೋಗಿರ್ಬೋದು ಕನ ಮಗ, ಇಲ್ಲ ಅನ್ನಕಿಲ್ಲ. ನಿಂಗೆ ಪಾಪೆ ದೂರ 63, ನೀನು ಎಷ್ಟು ಹೊತ್ತಿಗೆ ಬೇಕಾದ್ರೂ ತೆಗ್ದು ಮಂಚದ ಮೇಲೆ ಬಿಸಾಕ್ಬೋದಿತ್ತು, ಯಾರೂ ನಿನ್ನ ಮೇಲೆ ನಂಬರ್ ಹಾಕ್ತಿರಲಿಲ್ಲ. ಹಿಂದ್ಲ ಡಬ್ಬಗಳಿಗಿಂತ ಈಗಿನವು ಎಷ್ಟೋ ವಾಸಿ ಅನ್ನೋದನ್ನೂ ಒಪ್ತೀನಿ. 2013ರಲ್ಲಿ ಆಕ್ಯುಲಸ್‌ನೋರು ಮೊದಲು ಹೊರಗೆ ಬುಟ್ಟ ಕಿಟ್ಟು ಸೆಕೆಂಡಿಗೆ 60 ಚಿತ್ರ ತೋರಿಸ್ತಿತ್ತು, ತಲೆ ತಿರುಗಿಸಿದ್ರೆ ಗೊತ್ತಾಗ್ತಿತ್ತು, ಮುಂದಕ್ಕೆ ಬಗ್ಗಿದ್ರೆ ಗೊತ್ತಾಗ್ತಿರಲಿಲ್ಲ. ಈಗ 72, 90, 120 ಚಿತ್ರ, ಬಗ್ಗಿದ್ರೂ ಎದ್ರೂ ಹಿಡೀತದೆ. ತಲೆ ಅಲುಗಿದ ಮೇಲೆ ಚಿತ್ರ ಬದಲಾಗೋಕೆ 20 ಮಿಲಿಸೆಕೆಂಡಿಗಿಂತ ತಡ ಆಗ್ಬಾರ್ದು ಅಂತ ಲೆಕ್ಕ. ಅದಕ್ಕೇ ರಟ್ಟಿನ ಡಬ್ಬಕ್ಕೆ ಮೊಬೈಲ್ ಸಿಗಿಸಿ ಜಾತ್ರೇಲಿ ತೋರ್ಸೋದನ್ನ ನೋಡಿ 'ವಿಆರ್ ನಂಗೆ ಆಗಕಿಲ್ಲ' ಅಂತ ತೀರ್ಮಾನ ಮಾಡ್ಕೋಬೇಡಿ. ಅದು ಯಾರ್ಗೂ ಆಗಕಿಲ್ಲ.

ಮಾತ್ರೆ ವಿಷ್ಯ ಕೇಳ್ತೀರಿ ಅಂತ ಗೊತ್ತು. ಬಸ್ಸಿಗೆ ನುಂಗೋ ಅವೊಮಿನ್ ನಮ್ಮ ಕಡೆ ಎಲ್ಲರ ಪರ್ಸಲ್ಲೂ ಅದೆ. ಅದು ತೂಕಡಿಕೆ ತರ್ತದೆ. ಬೆಟ್ಟಕ್ಕೆ ಹೋಗುವಾಗ ಮಲಗ್ಬೋದು ಸರಿ. ಆಟ ಆಡೋಕೆ, ಮಿಷಿನ್ ಪಾಠ ಕಲಿಯೋಕೆ ತೂಕಡಿಸ್ಕೊಂಡು ಹೋದ್ರೆ ಏನು ಬಂತು? ಶುಂಠಿ ಚೂರು ಬಾಯಲ್ಲಿ ಮಡಿಕ್ಕೊಂಡ್ರೆ ಕೆಲವರಿಗೆ ಹಿತ, ಕೆಲವರಿಗೆ ಏನೂ ಇಲ್ಲ, ನಷ್ಟವಂತೂ ಇಲ್ಲ. ಆಟವೂ ಇಲ್ದೆ, ಬಸ್ಸೂ ಇಲ್ದೆ, ಬರೀ ಹಾಸಿಗೇಲಿ ಮಗ್ಗುಲು ತಿರುಗಿದ್ರೇ ಮನೆ ಗಿರಗಿರ ಅಂದ್ರೆ ಅದು ಬೇರೆ ಕಾಯಿಲೆ. ಅದಕ್ಕೆ ಕಿವಿ ಡಾಕ್ಟ್ರ ಹತ್ರ ಹೋಗ್ಬೇಕು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲೂ ನೋಡ್ತಾರೆ. ಅದನ್ನ ಡಬ್ಬದ ತಲೆಗೆ ಕಟ್ಬೇಡಿ.

ಇನ್ನೊಂದು ಮಾತು ಗಂಡುಹುಡುಗ್ರ ಅವ್ವಂದಿರಿಗೆ. ಆಡಿ ಎದ್ದ ತಕ್ಷಣ ಬೈಕಿನ ಕೀಲಿ ಕೊಡ್ಬೇಡಿ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಹೆಲಿಕಾಪ್ಟರ್ ಕಲಿಸೋಕೆ ಸುಳ್ಳು ಹೆಲಿಕಾಪ್ಟರ್ ಮಾಡ್ಕೊಂಡಾಗ್ಲೇ ಇದು ಗೊತ್ತಾಗಿತ್ತು: ಎದ್ದು ಬಂದ ಮೇಲೂ ತಾಸುಗಟ್ಲೆ ಕೆಲವರಿಗೆ ಹೆಜ್ಜೆ ತಪ್ತದೆ. ಅದಕ್ಕೇ ಸಿಮ್ಯುಲೇಟರ್ ಇಳಿದ ಪೈಲಟ್‌ನ ಕೂಡ್ಲೆ ಹಾರೋಕೆ ಬುಡಕಿಲ್ಲ. ನಂಜನಗೂಡು ರಸ್ತೇಲಿ ಕಬ್ಬಿನ ಲಾರಿ ಎದುರಿಗೆ ಬರುವಾಗ ಕಣ್ಣು-ಕಿವಿ ಇನ್ನೂ ಜಗಳ ಆಡ್ತಿದ್ರೆ? ಚಿಕ್ಕ ಮಕ್ಕಳಿಗಂತೂ ಕೊಡ್ಲೇಬಾರ್ದು ಅನ್ನೋದು ನನ್ನ ಪಕ್ಷ. ಡಬ್ಬ ಮಾಡೋ ಕಂಪನಿಯೇ ಮೊದ್ಲು 13 ವರ್ಷ ಅಂತಿತ್ತು, 2023ರಲ್ಲಿ ಅಪ್ಪ-ಅವ್ವನ ಉಸ್ತುವಾರೀಲಿ 10ಕ್ಕೆ ಇಳಿಸ್ತು. ಯಾಕೆ ಇಳಿಸ್ತೋ, ವ್ಯಾಪಾರ. ಒಂಬತ್ತು-ಹತ್ತು ವರ್ಷದ ಆಸುಪಾಸಲ್ಲೇ ಮಕ್ಕಳಿಗೆ ಈ ಸಂಕಟ ಜೋರು ಅನ್ನೋದನ್ನ ಬಸ್ಸಲ್ಲಿ ಹೋದ ಯಾವ ಅವ್ವನೂ ಹೇಳ್ತಾಳೆ. ಪಾಪೆ ದೂರವೂ ಅವಕ್ಕೆ ಇನ್ನೂ ಬೆಳೆದಿರಕಿಲ್ಲ.

ಇದೆಲ್ಲ ಓದಿ, ಬರೀ ಆಟದ ವಿಷ್ಯಕ್ಕೆ ಇಷ್ಟು ರಾಮಾಯಣ ಯಾಕೆ ಅಂತೀರೇನೋ. ನಮ್ಮತ್ತೆಯ ವಿಷ್ಯ ಹೇಳ್ತೀನಿ. 2023ರ ಜೂನ್ 11ರಿಂದ ಹೆಂಗಸರಿಗೆಲ್ಲ ಸರ್ಕಾರಿ ಬಸ್ಸು ಬಿಟ್ಟಿ ಆಯ್ತಲ್ಲ, ಬೀದಿ ಹೆಂಗಸರೆಲ್ಲ ಧರ್ಮಸ್ಥಳ, ಮಾದಪ್ಪನ ಬೆಟ್ಟ, ಸವದತ್ತಿ ಎಲ್ಲಮ್ಮ ಅಂತ ಹೊರಟ್ರು. ನಮ್ಮತ್ತೆ ಜಗಲಿ ಮೇಲೇ ಕುಂತಿದ್ರು. "ನಂಗೆ ಬಸ್ಸು ಆಗಕಿಲ್ಲ ಕನವ್ವ" ಅಂತ. ಕೊಳ್ಳೇಗಾಲದಲ್ಲಿರೋ ತಂಗಿ ಮನೆಗೂ ವರ್ಷಗಟ್ಲೆ ಹೋಗಿರಲಿಲ್ಲ. ಚಿಕ್ಕಂದಲ್ಲಿ ಯಾವುದೋ ಮದುವೆ ಬಸ್ಸಲ್ಲಿ ವಾಂತಿ ಮಾಡ್ಕೊಂಡಾಗ ಗಂಡಿನ ಕಡೆಯೋರು ನಗಾಡಿದ್ರಂತೆ, ಅವತ್ತಿಂದ ಅದೇ ಮಾತು. ಟಿಕೆಟ್ಟು ಬಿಟ್ಟಿ ಆದ್ರೇನು, ಅವಮಾನದ ಟಿಕೆಟ್ಟು ಇನ್ನೂ ಕೈಲೇ ಇತ್ತು.

ಮೊಮ್ಮಗಳ ಪಥ್ಯ ನೋಡಿ ಅತ್ತೆಯೇ ಕೇಳಿದ್ರು, "ಇದು ಬಸ್ಸಿಗೂ ಆಯ್ತದಾ?" ಅಂತ. ಯಾಕಾಗ್ಬಾರ್ದು. ಮೊದ್ಲು ನಂಜನಗೂಡಿಗೆ, ಡ್ರೈವರ್ ಹಿಂದ್ಲ ಸೀಟು, ಕಿಟಕಿ ಪಕ್ಕ, ಕಣ್ಣು ಮುಂದ್ಲ ದೂರದ ರಸ್ತೆ ಮೇಲೆ. ಬಸ್ಸು ಓಡಿಸೋನಿಗೆ ವಾಂತಿ ಬರಕಿಲ್ಲ, ಗಮನಿಸಿದ್ದೀರಾ? ತಿರುವು ಯಾವಾಗ ಅಂತ ಅವನಿಗೆ ಮುಂಚೇನೇ ಗೊತ್ತು, ಅವನ ಮೈಯಿ ತಯಾರಾಗಿರ್ತದೆ. ಮುಂದ್ಲ ರಸ್ತೆ ನೋಡ್ತಾ ಕುಂತ್ರೆ ನಾವೂ ಅರ್ಧ ಡ್ರೈವರ್ರೇ. ನಂಜನಗೂಡಾದ ಮೇಲೆ ಚಾಮರಾಜನಗರ, ಅದಾದ ಮೇಲೆ ಕೊಳ್ಳೇಗಾಲ. ತಂಗಿ ಮನೇಲಿ ಎರಡು ದಿನ ಇದ್ದು ಬಂದ್ರು. ಬೆಟ್ಟದ ತಿರುವು ಮಾತ್ರ ಇನ್ನೂ ಆಗಿಲ್ಲ, ಆಗೋದೂ ಬೇಡ ಬುಡಿ ಅಂತ ನಾನೇ ಹೇಳಿವ್ನಿ. ಎಷ್ಟು ಪಥ್ಯ ಮಾಡಿದ್ರೂ ಒಗ್ಗದ ಮೈ ಕೆಲವರದು ಇರ್ತದೆ. ಅಂಥೋರನ್ನ ಎಳ್ಕೊಂಡು ಹೋಗೋದು ಭಕ್ತಿಯಲ್ಲ, ಆಟದಲ್ಲಾದ್ರೆ ಮೋಜೂ ಅಲ್ಲ. ಕಾರ್ಖಾನೆಗಳೂ ಇದ್ನ ತಿಳ್ಕೋಬೇಕು. ಡಬ್ಬ ಒಗ್ಗದೋರಿಗೆ ನಿಜವಾದ ಏಣಿ, ನಿಜವಾದ ಬಾಗಿಲು ತೋರ್ಸಿ ಪಾಠ ಮಾಡಿದ್ರೆ ಏನು ಗಂಟು ಹೋಯ್ತದೆ? ಮೊದ್ಲು ಎಲ್ಲರೂ ಹಂಗೇ ತಾನೆ ಕಲ್ತಿದ್ದು.

ಮಗಳು ಮುಂದಿನ ಬ್ಯಾಚಿಗೆ ಹೋದಾಗ ಚೀಟೀಲಿ 58 ಅಂತ ಬರ್ಕೊಂಡು ಹೋಗಿದ್ಲು. ಡಬ್ಬ ಹಾಕೋ ಮುಂಚೆ ಮಸೂರ ಸರಿಸಿ ಅಂದ್ಲು. ಕಲಿಸೋನು, "ಅದು ಸರಿಯೋಕೂ ಆಯ್ತದಾ?" ಅಂದ್ನಂತೆ. ಇವಳೇ ಸರಿಸ್ಕೊಂಡ್ಲು. ನಡುವೆ ಎರಡು ಸಲ ಕೈ ಎತ್ತಿ ನಿಲ್ಲಿಸಿ, ನೀರು ಕುಡ್ದು, ಮತ್ತೆ ಹಾಕ್ಕೊಂಡು ಬೆಂಕಿ ಪಾಠ ಮುಗಿಸಿದ್ಲು. ಅವಳು ಕೈ ಎತ್ತಿದ್ದು ನೋಡಿ ಹಿಂದೆ ನಿಂತಿದ್ದ ಇನ್ನೊಬ್ಬ ಹುಡುಗನೂ ಎತ್ತಿದ್ನಂತೆ. ಅವನು ಅಲ್ಲೀವರ್ಗೂ ಹಲ್ಲು ಕಚ್ಕೊಂಡು ನಿಂತಿದ್ದ. ಏಣಿ ಪಾಠ ಬರೋ ತಿಂಗಳು ಅದೆ. ಅದು ಬೆಂಕಿಗಿಂತ ಜೋರು ಅಂತ ಮಿಕ್ಕ ಹುಡುಗೀರು ಹೇಳವ್ರೆ, ಕೆಳಗೆ ನೋಡಿದ್ರೆ ಕಾಲು ನಡುಗ್ತದಂತೆ. ಸಂಜೆ ಆರಕ್ಕೆ ಗೋಣಿತಾಟು ಹಾಸೋದು ಇನ್ನೂ ನಿಂತಿಲ್ಲ, ಈಗ ಆ ನಾಕು ಹುಡುಗೀರೂ ಬತ್ತಾ ಅವ್ರೆ, ಅವಲಕ್ಕಿ ಮಾತ್ರ ಸಾಲ್ತಾ ಇಲ್ಲ.